‘ಸಂಜದ’ ಪದದ ಶೋಧ: ಧವಲಾ ಗ್ರಂಥದ ಸಂಪಾದನೆಯಲ್ಲಿ ವಿದ್ವತ್ ಸಮೂಹದ ಪಾತ್ರ

ಪ್ರಾಚೀನ ಗ್ರಂಥಗಳ ಸಂಪಾದನೆಯು ಏಕಾಂತದಲ್ಲಿ ಕುಳಿತ ಒಬ್ಬ ಪಂಡಿತನ ಕಾರ್ಯವೆಂಬ ಭಾವನೆ ಸಾಮಾನ್ಯವಾಗಿ ರೂಢಿಯಲ್ಲಿದೆ. ಮುಖಪುಟದ ಮೇಲೆ ಒಂದೋ ಎರಡೋ ಹೆಸರುಗಳಿರುತ್ತವೆ. ಓದುಗನು ಗ್ರಂಥದ ಗುಣದೋಷಗಳೆರಡನ್ನೂ ಆ ಹೆಸರುಗಳಿಗೇ ಆರೋಪಿಸುತ್ತಾನೆ. ದಿಗಂಬರ ಸಂಪ್ರದಾಯದ ಆದ್ಯ ಸಿದ್ಧಾಂತಗ್ರಂಥವಾದ ಷಟ್ಖಂಡಾಗಮವೂ ಅದರ ಮಹಾಟೀಕೆಯಾದ ಧವಲಾವೂ ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂದ ಬಗೆಯನ್ನು ಪರಿಶೀಲಿಸಿದರೆ ಈ ಭಾವನೆ ನಿಲ್ಲುವುದಿಲ್ಲ. ಆ ಗ್ರಂಥದ ಒಂದು ಸೂತ್ರದಲ್ಲಿ ಲುಪ್ತವಾಗಿದ್ದ ಮೂರಕ್ಷರದ ಒಂದು ಪದವನ್ನು ಮರಳಿ ಪಡೆಯಲು ಎಷ್ಟು ಜನರ, ಎಂತೆಂತಹ ಸಾಮರ್ಥ್ಯಗಳು ಕೂಡಬೇಕಾಯಿತೆಂಬುದನ್ನು ನೋಡಿದರೆ ವಿಷಯವು ಸ್ಪಷ್ಟವಾಗುವುದು.

ಆ ಪದ ‘ಸಂಜದ’, ಸಂಸ್ಕೃತದಲ್ಲಿ ‘ಸಂಯತ’. ಅದು ಬರಬೇಕಾದ ಸ್ಥಾನ ಜೀವಸ್ಥಾನವೆಂಬ ಪ್ರಥಮ ಖಂಡದ ಸತ್ಪ್ರರೂಪಣೆಯ 93ನೆಯ ಸೂತ್ರ. 92ನೆಯ ಸೂತ್ರವು ಮಾನುಷಿಯರು ಮಿಥ್ಯಾದೃಷ್ಟಿ ಹಾಗೂ ಸಾಸಾದನ ಗುಣಸ್ಥಾನಗಳಲ್ಲಿ ಪರ್ಯಾಪ್ತರೂ ಆಗಬಹುದು, ಅಪರ್ಯಾಪ್ತರೂ ಆಗಬಹುದು ಎನ್ನುತ್ತದೆ. ಮುಂದಿನ ಸೂತ್ರವು ಸಮ್ಯಗ್ಮಿಥ್ಯಾದೃಷ್ಟಿ, ಅಸಂಯತ ಸಮ್ಯಗ್ದೃಷ್ಟಿ, ಸಂಯತಾಸಂಯತ ಸ್ಥಾನಗಳಲ್ಲಿ ಅವರು ನಿಯಮದಿಂದ ಪರ್ಯಾಪ್ತರೇ ಎಂದು ವಿಧಿಸುತ್ತದೆ. ಲಭ್ಯ ಪ್ರತಿಗಳಲ್ಲಿ ಸೂತ್ರವು ಇಲ್ಲಿಗೇ, ಎಂದರೆ ಐದನೆಯ ಗುಣಸ್ಥಾನಕ್ಕೇ ನಿಲ್ಲುತ್ತಿತ್ತು. ಇದಾದ ಮೇಲೆ ‘ಸಂಜದ’ ಎಂದಿದ್ದರೆ ಆರನೆಯದರಿಂದ ಹದಿನಾಲ್ಕನೆಯವರೆಗಿನ ಸಮಸ್ತ ಸಂಯತ ಸ್ಥಾನಗಳೂ ಅದರೊಳಗೆ ಬರುತ್ತವೆ. ಇಲ್ಲದಿದ್ದರೆ ಒಂದೂ ಬರುವುದಿಲ್ಲ. ಸ್ತ್ರೀನಿರ್ವಾಣದ ಪ್ರಶ್ನೆಯಲ್ಲಿ ದಿಗಂಬರ, ಶ್ವೇತಾಂಬರ ಹಾಗೂ ಯಾಪನೀಯ ಸಂಪ್ರದಾಯಗಳ ನಡುವೆ ಶತಮಾನಗಳಿಂದ ನಡೆದುಬಂದ ವಾದವನ್ನು ಬಲ್ಲವರಿಗೆ ಈ ಮೂರಕ್ಷರಗಳ ಭಾರವೇನೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಗ್ರಂಥದ ಉತ್ಪತ್ತಿಯ ವೃತ್ತಾಂತವೇ ಅಕ್ಷರಲೋಪದ ಪ್ರಸಂಗವೊಂದನ್ನು ಒಳಗೊಂಡಿದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಶ್ರುತವಿಚ್ಛೇದದ ಭಯದಿಂದ ದಕ್ಷಿಣಾಪಥದ ಆಚಾರ್ಯರ ಸಮ್ಮೇಳನಕ್ಕೆ ಲೇಖವನ್ನು ಕಳುಹಿಸಿದರೆಂದೂ, ಆ ಆಚಾರ್ಯರು ಗ್ರಹಣಧಾರಣ ಸಮರ್ಥರಾದ ಇಬ್ಬರು ಸಾಧುಗಳನ್ನು ಅಟ್ಟಿದರೆಂದೂ ಧವಲಾಕಾರರಾದ ವೀರಸೇನರು ತಿಳಿಸಿದ್ದಾರೆ. ಧರಸೇನರು ಪರೀಕ್ಷಾರ್ಥವಾಗಿ ಒಬ್ಬನಿಗೆ ಅಧಿಕಾಕ್ಷರದ, ಇನ್ನೊಬ್ಬನಿಗೆ ಹೀನಾಕ್ಷರದ ವಿದ್ಯೆಯನ್ನು ಕೊಟ್ಟರು. ಸಾಧನೆಯ ಅಂತ್ಯದಲ್ಲಿ ವಿಕೃತರೂಪದ ದೇವತೆಗಳು ಕಾಣಿಸಿಕೊಂಡಾಗ, ದೇವತೆಗಳಿಗೆ ವಿಕಾರವು ಸ್ವಭಾವವಲ್ಲವೆಂದು ತರ್ಕಿಸಿದ ಆ ಇಬ್ಬರೂ ಮಂತ್ರವ್ಯಾಕರಣದ ಬಲದಿಂದ ಹೆಚ್ಚಿದ್ದನ್ನು ತೆಗೆದು, ಕಡಿಮೆಯಿದ್ದುದನ್ನು ತುಂಬಿ ಪುನಃ ಸಾಧಿಸಿದರು. ಅರ್ಥದ ವಿಕಾರದಿಂದ ಪಾಠದ ದೋಷವನ್ನು ಊಹಿಸುವ ಈ ಕ್ರಮವೇ ಸಾವಿರಾರು ವರ್ಷಗಳ ಅನಂತರ ಅದೇ ಗ್ರಂಥದ ಸೂತ್ರವೊಂದಕ್ಕೆ ಅನ್ವಯಿಸಬೇಕಾಗಿ ಬಂದಿತು.

ಆ ಇಬ್ಬರು ಪುಷ್ಪದಂತ ಮತ್ತು ಭೂತಬಲಿ. ಅಂಕುಲೇಶ್ವರದಲ್ಲಿ ವರ್ಷಾವಾಸವನ್ನು ಕಳೆದ ಮೇಲೆ ಪುಷ್ಪದಂತರು ವನವಾಸದೇಶಕ್ಕೆ, ಎಂದರೆ ಇಂದಿನ ಬನವಾಸಿಯ ಪ್ರಾಂತಕ್ಕೆ ಬಂದರು; ಭೂತಬಲಿಗಳು ದ್ರಮಿಲದೇಶಕ್ಕೆ ತೆರಳಿದರು. ಪುಷ್ಪದಂತರು ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿ, ಜಿನಪಾಲಿತನಿಗೆ ಓದಿಸಿ, ಅವನನ್ನೇ ಭೂತಬಲಿಗಳ ಬಳಿಗೆ ಕಳುಹಿಸಿದರು. ಪುಷ್ಪದಂತರ ಆಯುಷ್ಯವು ಅಲ್ಪವೆಂದು ಅರಿತ ಭೂತಬಲಿಗಳು ದ್ರವ್ಯಪ್ರಮಾಣಾನುಗಮದಿಂದ ಮುಂದಿನದನ್ನು ರಚಿಸಿದರು. ಹೀಗೆ ವಿವಾದಗ್ರಸ್ತವಾದ ಸೂತ್ರವು ಪುಷ್ಪದಂತರ ಭಾಗಕ್ಕೆ ಸೇರಿದ್ದು. ಅದರ ಜನ್ಮಭೂಮಿಯು ಕರ್ನಾಟಕವೆಂದರೆ ಅತಿಶಯೋಕ್ತಿಯಾಗದು.

ವೀರಸೇನರ ಕಾರ್ಯಕ್ರಮವೂ ಗಮನಾರ್ಹ. ಧವಲಾ ಟೀಕೆಯ ಸಮಾಪ್ತಿಯ ಕಾಲವನ್ನು ಡಾ. ಹೀರಾಲಾಲ ಜೈನರು ಕ್ರಿ.ಶ. 816 ಎಂದು ನಿರ್ಣಯಿಸಿದರು; 780 ಎನ್ನುವ ವಿದ್ವಾಂಸರೂ ಇದ್ದಾರೆ. ವೀರಸೇನರು ತಮ್ಮ ಮುಂದಿದ್ದ ಸೂತ್ರಪುಸ್ತಕಗಳಲ್ಲಿನ ಪಾಠಭೇದಗಳನ್ನು ಹೆಸರಿಸುತ್ತಾರೆ. ದಕ್ಷಿಣ ಪ್ರತಿಪತ್ತಿ, ಉತ್ತರ ಪ್ರತಿಪತ್ತಿಗಳೆಂದು ಎರಡು ಉಪದೇಶ ಪರಂಪರೆಗಳನ್ನು ಬೇರ್ಪಡಿಸಿ ತೋರಿಸುತ್ತಾರೆ. ಎರಡು ಮತಗಳಲ್ಲಿ ಯಾವುದು ಸತ್ಯವೆಂದು ಹೇಳಬಲ್ಲ ಕೇವಲಿಯಾಗಲಿ ಶ್ರುತಕೇವಲಿಯಾಗಲಿ ಈಗ ಇಲ್ಲದಿರುವಲ್ಲಿ ಎರಡನ್ನೂ ಸಂಗ್ರಹಿಸಿಡಬೇಕೆನ್ನುತ್ತಾರೆ. ತನಗೆ ಒಪ್ಪದ ಮತವನ್ನು ಅಳಿಸದೆ ಮುಂದಿನವರ ಪರೀಕ್ಷೆಗೆ ಉಳಿಸುವ ಈ ಶೀಲವಿಲ್ಲದಿದ್ದರೆ ಧವಲಾದ ಅರ್ಧ ಬೆಲೆಯು ಕಡಿಮೆಯಾಗುತ್ತಿತ್ತು. ಕಷಾಯಪ್ರಾಭೃತದ ಮೇಲಿನ ಜಯಧವಲಾ ಟೀಕೆಯಂತೂ ಗುರುಶಿಷ್ಯರ ಕೂಡುಕೃತಿ: 20,000 ಶ್ಲೋಕಪ್ರಮಾಣವನ್ನು ಬರೆದು ವೀರಸೇನರು ಸ್ವರ್ಗಸ್ಥರಾದರು, ಉಳಿದ 40,000ವನ್ನು ಜಿನಸೇನರು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು.

ಈ ಸಿದ್ಧಾಂತಗ್ರಂಥಗಳ ತಾಡಪತ್ರ ಪ್ರತಿಗಳು ಉಳಿದದ್ದು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ. ಬರೆಯಿಸಿದವರಲ್ಲಿ ಶ್ರಾವಿಕೆಯರ ಹೆಸರುಗಳು ಮುಂದೆ ನಿಲ್ಲುತ್ತವೆ. ಧವಲಾ ಪ್ರತಿಯೊಂದನ್ನು ದೇಮಿಯಕ್ಕನು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಯಲ್ಲಿ ಬನ್ನಿಯಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಆ ಶುಭಚಂದ್ರರು 1123ರಲ್ಲಿ ಸಮಾಧಿ ಹೊಂದಿದುದು ಶ್ರವಣಬೆಳ್ಗೊಳದ ಶಾಸನದಿಂದ ತಿಳಿಯುತ್ತದೆ. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯು ಬರೆಯಿಸಿ ಮಾಘನಂದಿಗಳಿಗೆ ದಾನಮಾಡಿದಳು. ಈ ಪ್ರತಿಗಳು ಹಳಗನ್ನಡ ಲಿಪಿಯಲ್ಲಿವೆ. ಭಾಷೆ ಪ್ರಾಕೃತ ಹಾಗೂ ಸಂಸ್ಕೃತ. ಶತಮಾನಗಳುದ್ದಕ್ಕೂ ಅವು ದರ್ಶನಕ್ಕೂ ಪೂಜೆಗೂ ವಿಷಯವಾಗಿದ್ದವೇ ಹೊರತು ಅಧ್ಯಯನಕ್ಕಲ್ಲ. ಇದನ್ನು ಕೆಲವರು ನಿಂದಿಸಿದ್ದುಂಟು. ಆದರೆ ಪೂಜ್ಯಭಾವದಿಂದ ಕಾಪಾಡದೆ ಇದ್ದಿದ್ದರೆ ಅಧ್ಯಯನಕ್ಕೆ ಒಂದು ಗರಿಯೂ ಉಳಿಯುತ್ತಿರಲಿಲ್ಲವೆಂಬುದನ್ನು ನಿಂದಕರು ಮರೆಯಬಾರದು.

1883ರಲ್ಲಿ ಮುಂಬಯಿಯ ಶೇಠ್ ಮಾಣಿಕಚಂದರು ಯಾತ್ರೆಗೆಂದು ಮೂಡಬಿದಿರೆಗೆ ಬಂದಾಗ ಈ ಪ್ರತಿಗಳನ್ನು ಕಂಡರು. ಮರುವರ್ಷ ಸೊಲ್ಲಾಪುರದ ಶೇಠ್ ಹೀರಾಚಂದ ನೇಮಚಂದರು ಶ್ರವಣಬೆಳ್ಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಜೊತೆಗೆ ಕರೆದುಕೊಂಡು ಬಂದರು. ಗರಿಗಳನ್ನು ಓದಬಲ್ಲವರು ಆಗಲೇ ವಿರಳರಾಗಿದ್ದರು. ಬ್ರಹ್ಮಸೂರಿ ಶಾಸ್ತ್ರಿಗಳು ಓದಿದರು. ಪ್ರತಿಲೇಖನಕ್ಕೆ ಒಪ್ಪಿಗೆಯನ್ನೂ ಧನವನ್ನೂ ಒದಗಿಸುವುದರಲ್ಲಿ ಹತ್ತು ವರ್ಷಗಳಿಗೂ ಮಿಕ್ಕಿ ಕಳೆದು, 1896ರ ಸುಮಾರಿಗೆ ಬ್ರಹ್ಮಸೂರಿ ಶಾಸ್ತ್ರಿ ಹಾಗೂ ಗಜಪತಿ ಉಪಾಧ್ಯಾಯ ಇಬ್ಬರೂ ದೇವನಾಗರಿಯಲ್ಲಿ ಪ್ರತಿಮಾಡಲು ತೊಡಗಿದರು. ಶಾಸ್ತ್ರಿಗಳು ನಡುವೆಯೇ ಕಾಲವಶರಾದರು. ಗಜಪತಿ ಉಪಾಧ್ಯಾಯರು ವರ್ಷಗಟ್ಟಲೆ ಒಬ್ಬರೇ ಮುಂದುವರಿಸಿದರು. ಅದೇ ಕಾಲದಲ್ಲಿ ಮೂಡಬಿದಿರೆಯ ಪಂಡಿತರಿಂದ ಕನ್ನಡ ಲಿಪಿಯ ಪ್ರತಿಯೂ ಸಿದ್ಧವಾಯಿತು. ಮಹಾಬಂಧವನ್ನು ಪಂ. ಲೋಕನಾಥ ಶಾಸ್ತ್ರಿಗಳು ನಾಗರಿಗೆ ಇಳಿಸಿ 1922ರಲ್ಲಿ ಮುಗಿಸಿದರು. ಎಲ್ಲ ಸೇರಿ ಕಾಲು ಶತಮಾನಕ್ಕೂ ಹೆಚ್ಚಿನ ಕಾರ್ಯ.

ಈ ಪ್ರತಿಗಳು ಮೂಡಬಿದಿರೆಯಿಂದ ಹೊರಗೆ ಹೋಗಬಾರದೆಂಬುದು ಒಪ್ಪಂದ. ಆದರೆ ಗಜಪತಿ ಉಪಾಧ್ಯಾಯರು ಮನೆಯಲ್ಲಿ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅವರ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರು ಅದರಲ್ಲಿ ನೆರವಾದರು. ಹೀರಾಚಂದರೂ ಮಾಣಿಕಚಂದರೂ ಆ ಪ್ರತಿಯನ್ನು ಕೊಳ್ಳಲೊಪ್ಪಲಿಲ್ಲ. ಕೊನೆಗೆ ಸಹಾರನ್‌ಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ತಮ್ಮ ಮಂದಿರದಲ್ಲಿ ಇರಿಸಿದರು. ಅಲ್ಲಿ ಅದನ್ನು ನಾಗರಿಗೆ ಇಳಿಸುವಾಗ ಪಂ. ಸೀತಾರಾಮ ಶಾಸ್ತ್ರಿಗಳು ತಮಗಾಗಿಯೂ ಒಂದು ಪ್ರತಿಯನ್ನು ಇಟ್ಟುಕೊಂಡರು. ಅಮರಾವತಿ, ಆರಾ, ಕಾರಂಜಾ ಮೊದಲಾದ ಕಡೆಯ ಪ್ರತಿಗಳು ಹುಟ್ಟಿದ್ದು ಅದರಿಂದ. ಎರಡು ಬಾರಿಯೂ ಗ್ರಂಥವು ಹೊರಬಿದ್ದದ್ದು ಒಡೆಯರ ಅನುಮತಿಯಿಲ್ಲದೆ. ಇದನ್ನು ಸಮರ್ಥಿಸುವುದು ಕಷ್ಟ. ಆ ಪ್ರತಿಗಳಿಲ್ಲದೆ ಮುದ್ರಣವಾಗುತ್ತಿರಲಿಲ್ಲವೆಂಬುದನ್ನು ಅಲ್ಲಗಳೆಯುವುದೂ ಅಷ್ಟೇ ಕಷ್ಟ.

ಪಾಠಪರೀಕ್ಷೆಯ ದೃಷ್ಟಿಯಿಂದ ಈ ವಂಶಾವಳಿಯ ಪರಿಣಾಮವೊಂದಿದೆ. ಅಮರಾವತಿ, ಆರಾ, ಕಾರಂಜಾಗಳ ಪ್ರತಿಗಳು ಒಂದು ಪಾಠದಲ್ಲಿ ಒಮ್ಮತವಾಗಿದ್ದರೂ ಅವು ಮೂರು ಸಾಕ್ಷಿಗಳಾಗುವುದಿಲ್ಲ. ಒಂದೇ ಮೂಲದಿಂದ ಇಳಿದವಾದ್ದರಿಂದ ಅವೆಲ್ಲವೂ ಸೇರಿ ಒಂದೇ ಸಾಕ್ಷಿ. ‘ಸಂಜದ’ ಪದವು ಯಾವುದರಲ್ಲಿಯೂ ಇಲ್ಲವೆಂಬ ವಾದಕ್ಕೆ ಮೇಲ್ನೋಟಕ್ಕೆ ಕಾಣುವ ಬಲವು ಈ ಕಾರಣದಿಂದ ಬಹುಮಟ್ಟಿಗೆ ಕುಗ್ಗುತ್ತದೆ.

ಲಿಪಿಯ ತೊಡಕುಗಳೂ ಅಲ್ಪವಲ್ಲ. ಹಳಗನ್ನಡ ಲಿಪಿಯ ಪ್ರಾಕೃತ ಪ್ರತಿಗಳಲ್ಲಿ ಸಜಾತೀಯ ಒತ್ತಕ್ಷರವನ್ನು ಬರೆಯುವ ಬದಲು ಹಿಂದಿನ ಅಕ್ಷರದ ಮುಂದೆ ಸೊನ್ನೆಯನ್ನಿಡುವ ರೂಢಿಯುಂಟು. ಅನುಸ್ವಾರಕ್ಕೂ ಅದೇ ಸೊನ್ನೆ. ಏಳೆಂಬ ಅರ್ಥದ ‘ಸತ್ತ’ವೂ ಇರುವುದೆಂಬ ಅರ್ಥದ ‘ಸಂತ’ವೂ ಗರಿಯ ಮೇಲೆ ಒಂದೇ ರೂಪದಲ್ಲಿ ಕಾಣಬಹುದು, ಯಾವುದೆಂದು ತೀರ್ಮಾನಿಸಬೇಕಾದವನು ಲಿಪಿಜ್ಞನಲ್ಲ, ವಿಷಯಜ್ಞ. ದಕಾರ ಧಕಾರಗಳ ಭೇದವು ಅನೇಕ ಕಡೆ ತೋರುವುದಿಲ್ಲ. ಲಿಪಿಯನ್ನು ಬಲ್ಲ ಪ್ರತಿಕಾರರು ಕರ್ಮಸಿದ್ಧಾಂತದ ಗಣಿತವನ್ನು ಬಲ್ಲವರಾಗಿರಲೇಬೇಕೆಂದಿಲ್ಲ. ಸಿದ್ಧಾಂತವನ್ನು ಕರತಲಾಮಲಕ ಮಾಡಿಕೊಂಡಿದ್ದ ಉತ್ತರದ ಪಂಡಿತರಿಗೆ ಕನ್ನಡ ಲಿಪಿಯ ಗಂಧವಿರಲಿಲ್ಲ. ಎರಡು ವಿದ್ಯೆಗಳ ನಡುವೆ ನಾಲ್ಕಾರು ಕೈಗಳ ಪ್ರತಿಗಳು ಸೇತುವೆಯಾಗಿದ್ದವು. ಸೇತುವೆಯ ಹಲಗೆಗಳು ಅಲ್ಲಲ್ಲಿ ಕಳಚಿದ್ದವು.

ವಿದಿಶೆಯ ಶೇಠ್ ಲಕ್ಷ್ಮೀಚಂದ್ರರ ದಾನದಿಂದ ಸ್ಥಾಪಿತವಾದ ಜೈನ ಸಾಹಿತ್ಯೋದ್ಧಾರಕ ನಿಧಿಯು ಅಮರಾವತಿಯಲ್ಲಿ ಪ್ರಕಟನಕಾರ್ಯವನ್ನು ಕೈಗೊಂಡಿತು. ಅಲ್ಲಿಯ ಕಿಂಗ್ ಎಡ್ವರ್ಡ್ ಕಾಲೇಜಿನಲ್ಲಿ ಸಂಸ್ಕೃತ ಅಧ್ಯಾಪಕರಾಗಿದ್ದ ಹೀರಾಲಾಲ ಜೈನರು ಸಂಪಾದಕರು. ಪಂ. ಫೂಲಚಂದ್ರ ಸಿದ್ಧಾಂತಶಾಸ್ತ್ರಿ ಹಾಗೂ ಪಂ. ಹೀರಾಲಾಲ ಸಿದ್ಧಾಂತಶಾಸ್ತ್ರಿ ಇವರು ಸಹಸಂಪಾದಕರು, ಪಂ. ದೇವಕೀನಂದನ ಶಾಸ್ತ್ರಿಗಳೂ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಡಾ. ಆ. ನೇ. ಉಪಾಧ್ಯೆಯವರೂ ಸಂಶೋಧನದಲ್ಲಿ ನೆರವಾದವರು. ಬೆಳಗಾವಿ ಜಿಲ್ಲೆಯ ಸದಲಗೆಯವರಾದ ಉಪಾಧ್ಯೆಯವರಿಗೆ ಪ್ರಾಕೃತ ವ್ಯಾಕರಣದಷ್ಟೇ ಕನ್ನಡ ತಾಡಪತ್ರಗಳ ಬರವಣಿಗೆಯ ರೂಢಿಗಳೂ ಪರಿಚಿತ. ಗುರುಮುಖದಿಂದ ಗೋಮ್ಮಟಸಾರವನ್ನು ಓದಿದ ಪಂಡಿತರೂ, ವಿಶ್ವವಿದ್ಯಾಲಯದ ಪಾಠಸಂಪಾದನ ಕ್ರಮವನ್ನು ಕಲಿತ ಪ್ರಾಧ್ಯಾಪಕರೂ ಒಂದೇ ಹಾಳೆಯ ಮೇಲೆ ಕೆಲಸ ಮಾಡಿದುದು ಆ ಕಾಲಕ್ಕೆ ಹೊಸದು. 1939ರಲ್ಲಿ ಮೊದಲ ಸಂಪುಟವು ಹೊರಬಂದಿತು.

ಆ ಸಂಪುಟದಲ್ಲಿಯೇ 93ನೆಯ ಸೂತ್ರದ ಕೆಳಗೆ, ಇಲ್ಲಿ ‘ಸಂಜದ’ ಎಂಬುದು ಉಳಿದುಹೋದಂತೆ ತೋರುತ್ತದೆ ಎಂಬ ಅರ್ಥದ ಅಡಿಟಿಪ್ಪಣಿಯಿದೆ. ಸೂತ್ರದ ಮೂಲವನ್ನು ಪ್ರತಿಗಳಲ್ಲಿದ್ದಂತೆಯೇ ಮುದ್ರಿಸಿ ಊಹೆಯನ್ನು ಕೆಳಗಿಟ್ಟದ್ದು ಸಂಪಾದಕರ ಸಂಯಮಕ್ಕೆ ಸಾಕ್ಷಿ. ಊಹೆಗೆ ಆಧಾರಗಳು ಗ್ರಂಥದೊಳಗೇ ಇದ್ದವು. ಟೀಕೆಯಲ್ಲಿ ವೀರಸೇನರು, ಈ ಆರ್ಷವಾಕ್ಯದಿಂದಲೇ ದ್ರವ್ಯಸ್ತ್ರೀಯರಿಗೆ ನಿರ್ವಾಣವು ಸಿದ್ಧವಾಗುವುದಿಲ್ಲವೇ ಎಂಬ ಶಂಕೆಯನ್ನು ಎತ್ತುತ್ತಾರೆ. ಸವಸ್ತ್ರರಾದ ಕಾರಣ ಅವರಿಗೆ ಸಂಯಮವಿಲ್ಲವೆಂದು ಸಮಾಧಾನ ಹೇಳುತ್ತಾರೆ. ಹಾಗಾದರೆ ಹದಿನಾಲ್ಕು ಗುಣಸ್ಥಾನಗಳು ಹೇಗೆಂದು ಮತ್ತೆ ಕೇಳಿಕೊಂಡು, ಅವು ಭಾವಸ್ತ್ರೀವೇದದಿಂದ ವಿಶಿಷ್ಟವಾದ ಮನುಷ್ಯಗತಿಯನ್ನು ಕುರಿತವು ಎನ್ನುತ್ತಾರೆ. ಸೂತ್ರವು ಐದನೆಯ ಗುಣಸ್ಥಾನಕ್ಕೇ ನಿಂತಿದ್ದರೆ ಈ ಶಂಕೆಗೆ ಹುಟ್ಟುವ ಅವಕಾಶವೇ ಇಲ್ಲ. ಇಲ್ಲದ ಪದದ ಮೇಲೆ ವೀರಸೇನರಂತಹ ಟೀಕಾಕಾರರು ಪೂರ್ವಪಕ್ಷವನ್ನು ಕಟ್ಟಲಾರರು. ಮುಂದೆ ದ್ರವ್ಯಪ್ರಮಾಣಾನುಗಮಾದಿಗಳಲ್ಲಿ ಮಾನುಷಿಯರ ಸಂಖ್ಯೆಯನ್ನು ಅಯೋಗಿಕೇವಲಿಯವರೆಗೂ ಹೇಳಿರುವುದು ಇನ್ನೊಂದು ಆಧಾರ. ಪದವು ಬಿಟ್ಟುಹೋದ ಕಾರಣವೂ ಸುಲಭವಾಗಿ ತಿಳಿಯುವಂತಹುದು: ‘ಸಂಜದಾಸಂಜದ’ ಎಂದು ಬರೆದ ಲಿಪಿಕಾರನ ಕಣ್ಣು ಅದರ ಬೆನ್ನಿಗೇ ಬರುವ ಮತ್ತೊಂದು ‘ಸಂಜದ’ವನ್ನು ಬರೆದಾಯಿತೆಂದೇ ಭ್ರಮಿಸಿ ಮುಂದೆ ಜಾರಿತು.

ಇಷ್ಟಾದರೂ ವಿರೋಧವು ಪ್ರಬಲವಾಗಿ ಬಂದಿತು. 1940ರ ದಶಕದಲ್ಲಿ ಈ ಒಂದು ಪದವನ್ನು ಕುರಿತು ಪಂಡಿತವರ್ಗವು ಎರಡಾಗಿ ಒಡೆಯಿತು. ವಿರೋಧಿಗಳ ವಾದವನ್ನು ಅವಿಚಾರದ್ದೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪರ್ಯಾಪ್ತಿಯು ಶರೀರಸಂಬಂಧಿ, ಪರ್ಯಾಪ್ತ ಅಪರ್ಯಾಪ್ತಗಳ ವಿಚಾರ ಬಂದಲ್ಲಿ ಮಾನುಷಿಯೆಂದರೆ ದ್ರವ್ಯಸ್ತ್ರೀಯೆಂದೇ ಗ್ರಹಿಸಬೇಕು, ದ್ರವ್ಯಸ್ತ್ರೀಗೆ ಸಂಯಮಸ್ಥಾನವಿಲ್ಲವಾದ್ದರಿಂದ ಪ್ರತಿಗಳಲ್ಲಿ ಪದವಿಲ್ಲದಿರುವುದೇ ಯುಕ್ತ ಎಂಬುದು ಅವರ ನಿಲುವು. ಪ್ರತಿಗಳಲ್ಲಿ ಇಲ್ಲದ್ದನ್ನು ಸೂತ್ರಕ್ಕೆ ಸೇರಿಸುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಯೂ ತೂಕವುಳ್ಳದ್ದೇ. ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಸಿದ್ಧಾಂತಗ್ರಂಥಗಳನ್ನು ತಾಮ್ರಪತ್ರಗಳಲ್ಲಿ ಕೆತ್ತಿಸುವ ಕಾರ್ಯವು ಆಗಲೇ ಎದ್ದುದರಿಂದ, ಯಾವ ಪಾಠವನ್ನು ಕೆತ್ತಬೇಕೆಂಬ ಪ್ರಶ್ನೆಯು ಕೇವಲ ವಿದ್ವಚ್ಚರ್ಚೆಯಾಗಿ ಉಳಿಯಲಿಲ್ಲ. ಕಾಗದದ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ತಾಮ್ರದ ಮೇಲೆ ಹಾಗಲ್ಲ.

ಈ ವಿರೋಧದಿಂದ ಸಂಪಾದಕರ ಪಕ್ಷಕ್ಕೆ ಲಾಭವೇ ಆಯಿತು. ಅಡಿಟಿಪ್ಪಣಿಯ ಒಂದು ಪಂಕ್ತಿಯಾಗಿದ್ದ ಊಹೆಯು ಪ್ರತಿಪಕ್ಷದ ಒತ್ತಡದಿಂದ ವಿಸ್ತೃತವಾದ ಪ್ರಮಾಣಸರಣಿಯಾಗಿ ಬೆಳೆಯಿತು. ದ್ರವ್ಯವೇದ ಭಾವವೇದಗಳ ವಿಷಯದಲ್ಲಿ ಷಟ್ಖಂಡಾಗಮದ ಪರಿಭಾಷೆಯೇನು, ‘ಮಣುಸಿಣೀ’ ಶಬ್ದವು ಗ್ರಂಥದುದ್ದಕ್ಕೂ ಯಾವ ಅರ್ಥದಲ್ಲಿ ಪ್ರಯುಕ್ತವಾಗಿದೆ ಎಂಬುದನ್ನು ಉಭಯ ಪಕ್ಷಗಳೂ ಸೂತ್ರಸೂತ್ರವಾಗಿ ಜಾಲಿಸಬೇಕಾಯಿತು. ಅದಕ್ಕೆ ಮೊದಲು ಇಂತಹ ಪರೀಕ್ಷೆ ನಡೆದಿರಲಿಲ್ಲ. ನಡೆಯುವಂತೆಯೂ ಇರಲಿಲ್ಲ, ಗ್ರಂಥವೇ ಕೈಗೆ ಸಿಕ್ಕಿರಲಿಲ್ಲ.

ನಿರ್ಣಯಕ್ಕೆ ಉಳಿದದ್ದು ಮೂಲ ಗರಿಯೊಂದೇ. ಮೊದಲ ಸಂಪುಟಗಳು ಪ್ರಕಟವಾದ ಮೇಲೆ, ಕಾರ್ಯದ ಶ್ರದ್ಧೆಯನ್ನು ಕಂಡ ಮೂಡಬಿದಿರೆಯ ಭಟ್ಟಾರಕ ಚಾರುಕೀರ್ತಿ ಸ್ವಾಮಿಗಳೂ ಬಸದಿಯ ಧರ್ಮದರ್ಶಿಗಳೂ ತಾಡಪತ್ರಗಳೊಡನೆ ಪಾಠವನ್ನು ತಾಳೆ ನೋಡಲು ಅನುಮತಿ ನೀಡಿದ್ದರು. 1941ರ ಮೂರನೆಯ ಸಂಪುಟದ ವೇಳೆಗೆ ಈ ತಾಳೆಯ ಫಲವು ಸಂಪಾದಕರಿಗೆ ದೊರೆಯತೊಡಗಿತ್ತು. ಗರಿಗಳನ್ನು ಓದಿ ಪಾಠಭೇದಗಳನ್ನು ಬರೆದು ಕಳುಹಿಸಿದ ಭಾರವನ್ನು ಹೊತ್ತವರು ಮಹಾಬಂಧವನ್ನು ಪ್ರತಿಮಾಡಿದ್ದ ಅದೇ ಲೋಕನಾಥ ಶಾಸ್ತ್ರಿಗಳು. ಅಮರಾವತಿಯ ಸಂಪಾದಕರು ಅರ್ಥಬಲದಿಂದ ಊಹಿಸಿದ್ದ ಪಾಠಗಳಲ್ಲಿ ಅನೇಕವು ತಾಡಪತ್ರಗಳಲ್ಲಿ ಹಾಗೆಯೇ ಇದ್ದುವು, ಕೆಲವು ಇರಲಿಲ್ಲ. ಸತ್ಪ್ರರೂಪಣೆಯ 93ನೆಯ ಸೂತ್ರವನ್ನು ಗರಿಯಲ್ಲಿ ನೋಡಿದಾಗ ‘ಸಂಜದ’ ಪದವು ಅಲ್ಲಿತ್ತು.

ಹೀಗಿರುವಲ್ಲಿ ಈ ಪದವನ್ನು ಶೋಧಿಸಿದವರು ಯಾರು? ಗರಿಯಲ್ಲಿ ಅದು ಎಂಟು ಶತಮಾನಗಳಿಂದ ಇತ್ತು. ಮೂಡಬಿದಿರೆಯಲ್ಲಿ ಅದನ್ನು ಓದಬಲ್ಲವರೂ ಇದ್ದರು. ಆದರೆ ನೋಡಬೇಕೆಂಬ ಪ್ರಶ್ನೆಯು ಅಲ್ಲಿ ಹುಟ್ಟಿರಲಿಲ್ಲ. ಪ್ರಶ್ನೆ ಹುಟ್ಟಿದ್ದು ನೂರಾರು ಹರಿದಾರಿ ದೂರದ ಅಮರಾವತಿಯಲ್ಲಿ, ದೋಷಯುಕ್ತವಾದ ಪ್ರತಿಯನ್ನು ಮುಂದಿಟ್ಟುಕೊಂಡು ಟೀಕೆಯ ಅರ್ಥಕ್ಕೆ ತಡವರಿಸಿದವರಿಗೆ. ಅವರಿಗೆ ಗರಿಯನ್ನು ಮುಟ್ಟುವ ಅವಕಾಶವಿರಲಿಲ್ಲ. ವಿರೋಧಿಸಿದ ಪಂಡಿತರು ಹಟ ಹಿಡಿಯದಿದ್ದರೆ ಇಬ್ಬರಲ್ಲಿ ಯಾರೂ ಆ ಸೂತ್ರವನ್ನು ಅಷ್ಟು ಆಳವಾಗಿ ಅಗೆಯುತ್ತಿರಲಿಲ್ಲ. ಶ್ರೇಯಸ್ಸನ್ನು ಹೀರಾಲಾಲ ಜೈನರೊಬ್ಬರಿಗೆ ಕೊಡುವ ವಾಡಿಕೆಯು, ಅವರ ಮೇಧೆಯ ವಿಷಯದಲ್ಲಿ ಯಾವ ಸಂದೇಹವೂ ಇಲ್ಲದಿದ್ದರೂ, ಇತಿಹಾಸಕ್ಕೆ ಒಪ್ಪುವುದಿಲ್ಲ. ಪದ ದೊರೆತೊಡನೆ ಅದರ ವ್ಯಾಖ್ಯೆಯ ವಿವಾದ ಮುಗಿಯಲಿಲ್ಲವೆಂಬುದನ್ನೂ ಹೇಳಬೇಕು. ಪಾಠನಿರ್ಣಯ ಬೇರೆ, ಸಿದ್ಧಾಂತನಿರ್ಣಯ ಬೇರೆ. ಪದವನ್ನು ಒಪ್ಪಿದ ದಿಗಂಬರ ವಿದ್ವಾಂಸರು ವೀರಸೇನರ ಭಾವಸ್ತ್ರೀ ವ್ಯಾಖ್ಯೆಯನ್ನೇ ಅನುಸರಿಸಿದರು. ದ್ರವ್ಯಸ್ತ್ರೀಗೆ ಸಂಯಮವಿಲ್ಲವೆಂಬ ಸ್ಥಾನವು ಅದರಿಂದ ಅಲುಗಲಿಲ್ಲ. ಪದವನ್ನು ಕಂಡರೆ ಸಂಪ್ರದಾಯಕ್ಕೆ ಹಾನಿಯಾದೀತೆಂಬ ಶಂಕೆಗೆ ವೀರಸೇನರು ಸಾವಿರ ವರ್ಷಗಳ ಹಿಂದೆಯೇ ಉತ್ತರ ಹೇಳಿಯಾಗಿತ್ತು.

ಅಮರಾವತಿಯ ಈ ಪದ್ಧತಿಯು ಇತರ ಸಿದ್ಧಾಂತಗ್ರಂಥಗಳ ಪ್ರಕಟನೆಯಲ್ಲಿಯೂ ಮುಂದುವರಿಯಿತು. ಮಥುರೆಯ ಭಾರತೀಯ ದಿಗಂಬರ ಜೈನ ಸಂಘವು 1944ರಲ್ಲಿ ಆರಂಭಿಸಿದ ಜಯಧವಲಾ ಪ್ರಕಟನೆಯಲ್ಲಿ ಪಂ. ಫೂಲಚಂದ್ರ, ಪಂ. ಮಹೇಂದ್ರಕುಮಾರ, ಪಂ. ಕೈಲಾಶಚಂದ್ರ ಮೂವರೂ ಕೂಡಿದರು. ಅದರ ಹದಿನಾರು ಸಂಪುಟಗಳು ಮುಗಿಯಲು ನಾಲ್ಕು ದಶಕಗಳು ಹಿಡಿದವು. ಮಹಾಬಂಧದ ಮೊದಲ ಸಂಪುಟವನ್ನು ಪಂ. ಸುಮೇರುಚಂದ್ರ ದಿವಾಕರರು ಸಂಪಾದಿಸಿ 1947ರಲ್ಲಿ ಭಾರತೀಯ ಜ್ಞಾನಪೀಠದಿಂದ ಹೊರತಂದರು. ಉಳಿದ ಆರನ್ನು ಪಂ. ಫೂಲಚಂದ್ರರು ಪೂರೈಸಿದರು. ಪಂ. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರೀಯ ಗ್ರಂಥಸೂಚಿಯನ್ನು ಅದೇ ಜ್ಞಾನಪೀಠವು 1948ರಲ್ಲಿ ಪ್ರಕಟಿಸಿದುದರಿಂದ ಮೂಡಬಿದಿರೆಯ ಭಂಡಾರಗಳಲ್ಲಿ ಏನಿದೆಯೆಂಬುದು ಉತ್ತರದ ವಿದ್ವಾಂಸರಿಗೂ ತಿಳಿಯುವಂತಾಯಿತು. ಧವಲಾದ ಹದಿನಾರು ಸಂಪುಟಗಳು 1950ರ ದಶಕದ ಅಂತ್ಯದ ವೇಳೆಗೆ ಪೂರ್ಣಗೊಂಡವು. ಮೊದಲ ಸಂಪುಟದ ಪರಿಷ್ಕೃತ ಮುದ್ರಣವನ್ನು 1973ರಲ್ಲಿ ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು ಹೊರತಂದಿತು. 1939ರಲ್ಲಿ ಅಡಿಟಿಪ್ಪಣಿಯಲ್ಲಿದ್ದ ‘ಸಂಜದ’ ಪದವು ಅದರಲ್ಲಿ ಸೂತ್ರದೊಳಗೆ, ತನ್ನ ಸ್ಥಾನದಲ್ಲಿ ಮುದ್ರಿತವಾಗಿದೆ.